ಅಜ್ಜನ ಕೇಸಿನಲ್ಲಿ ಒಂದು ‘ನೈಸ್’ ಪ್ರಶ್ನೆ

ಓದುಗರ ಪ್ರಶ್ನೆ: ನಮ್ಮ ಅಜ್ಜನ ಕಾಲದ ಜಮೀನು ಪಾಲಿನ ಕೇಸಿನ ಕಾಗದಪತ್ರ ಅಟ್ಟದ ಮೇಲೆ ಸಿಕ್ಕಿತು. ತೀರ್ಪು ಇಂಗ್ಲಿಷಿನಲ್ಲಿದೆ. ಅಜ್ಜನ ವಕೀಲರು ಎತ್ತಿದ ಒಂದು ವಿಚಾರವನ್ನು ನ್ಯಾಯಾಧೀಶರು ‘ಎ ನೈಸ್ ಕ್ವೆಶ್ಚನ್ ಆಫ್ ಲಾ’ ಅಂತ ಕರೆದಿದ್ದಾರೆ. ಪ್ರಶ್ನೆ ಚೆನ್ನಾಗಿದೆ ಅಂತ ಹೊಗಳಿದ್ದಾರೆ ಅಂದುಕೊಂಡು ಖುಷಿಪಟ್ಟೆ. ಕಾಲೇಜಿಗೆ ಹೋಗುವ ಮಗಳು ಮೊಬೈಲಿನಲ್ಲಿ ಹುಡುಕಿ, ‘ಅಪ್ಪಾ, ನೈಸ್ ಅನ್ನೋದರ ನಿಜವಾದ ಅರ್ಥ ದಡ್ಡ ಅಂತೆ’ ಅಂದಳು. ಹಾಗಾದರೆ ಇದು ಹೊಗಳಿಕೆಯೋ ಬೈಗುಳವೋ? ಇನ್ನೊಂದು ವಿಷಯ. ನಾವು ‘ನೈಸ್ ಮಾಡೋದು’, ‘ನೈಸಾಗಿ ಜಾರ್ಕೊಂಡ’ ಅಂತೀವಲ್ಲ, ಅದೂ ಇದೇ ಪದವಾ?

ಉತ್ತರ: ಮೊದಲು ಅಜ್ಜನ ಮರ್ಯಾದೆ ಉಳಿಸೋಣ. ನ್ಯಾಯಾಧೀಶರು ಅವರನ್ನು ಬೈದಿಲ್ಲ. ಹೊಗಳಿಯೂ ಇಲ್ಲ. ‘ನೈಸ್ ಕ್ವೆಶ್ಚನ್’ ಅಂದರೆ ಇಲ್ಲಿ ಸೂಕ್ಷ್ಮವಾದ ಪ್ರಶ್ನೆ. ಕೂದಲೆಳೆಯಷ್ಟು ವ್ಯತ್ಯಾಸದ ಮೇಲೆ ನಿಂತ ಪ್ರಶ್ನೆ. ಆ ಕಡೆಗೂ ವಾದ ಹೂಡಬಹುದು, ಈ ಕಡೆಗೂ ಹೂಡಬಹುದು. ತಕ್ಕಡಿ ಯಾವ ಕಡೆ ವಾಲುತ್ತದೆ ಅಂತ ತಿಳಿಯಲು ಬಗ್ಗಿ ನೋಡಬೇಕು.

ನಮ್ಮಲ್ಲಿ ಇದಕ್ಕೊಂದು ಹಳೆಯ ಮಾತಿದೆ, ಧರ್ಮಸೂಕ್ಷ್ಮ. ತುಂಬಿದ ಸಭೆಯಲ್ಲಿ ದ್ರೌಪದಿ ಕೇಳುತ್ತಾಳಲ್ಲ, ತನ್ನನ್ನೇ ಸೋತವನಿಗೆ ನನ್ನನ್ನು ಪಣಕ್ಕಿಡುವ ಹಕ್ಕು ಎಲ್ಲಿತ್ತು ಅಂತ? ಭೀಷ್ಮನಂಥ ಭೀಷ್ಮನೇ ನೇರ ಉತ್ತರ ಕೊಡಲಾಗದೆ, ಧರ್ಮ ಸೂಕ್ಷ್ಮವಾದದ್ದು ಅಂದುಬಿಡುತ್ತಾನೆ. ಇಂಗ್ಲಿಷಿನ ನ್ಯಾಯಾಧೀಶರೊಬ್ಬರು ಆ ಸಭೆಯಲ್ಲಿ ಕೂತಿದ್ದರೆ ದ್ರೌಪದಿಯದು ‘ನೈಸ್ ಕ್ವೆಶ್ಚನ್’ ಅಂತಲೇ ಬರೆಯುತ್ತಿದ್ದರು. ನಮ್ಮ ಕಿವಿಗೆ ಅದು ಅಸಹ್ಯವಾಗಿ ಕೇಳುತ್ತದೆ, ಗೊತ್ತು. ಆದರೆ ಆ ಕಸುಬಿನ ಭಾಷೆಯಲ್ಲಿ ಅದೇ ಸರಿಯಾದ ಪದ.

ಈ ಅರ್ಥ ಇನ್ನೂ ಸತ್ತಿಲ್ಲ. ಎರಡು ಕಲಂಗಳ ನಡುವಿನ ತೀರಾ ತೆಳುವಾದ ಭೇದಕ್ಕೆ ವಕೀಲರು ಇವತ್ತಿಗೂ ‘ನೈಸ್ ಡಿಸ್ಟಿಂಕ್ಷನ್’ ಅನ್ನುತ್ತಾರೆ. ಕಾನೂನಿನ ಸಣ್ಣಪುಟ್ಟ ಸೂಕ್ಷ್ಮಗಳಿಗೆ ‘ಲೀಗಲ್ ನೈಸಿಟೀಸ್’ ಅನ್ನುವ ಮಾತು ಪತ್ರಿಕೆಗಳಲ್ಲೂ ಬರುತ್ತದೆ. ಕೋರ್ಟಿನ ಭಾಷೆ ಅಜ್ಜಿಯ ಟ್ರಂಕ್ ಇದ್ದ ಹಾಗೆ. ಹೊರಗೆ ಯಾರೂ ಉಡದ ಸೀರೆಯೂ ಅಲ್ಲಿ ಮಡಿಚಿ ಇಟ್ಟಿರುತ್ತದೆ, ಮದುವೆಗೆ ಮುಂಜಿಗೆ ಹೊರಬರುತ್ತದೆ. ನಮ್ಮ ದೇಶದ ಕೇಸುಗಳ ಕೊನೆಯ ಅಪೀಲು 1949ರವರೆಗೆ ಲಂಡನ್ನಿನ ಪ್ರಿವಿ ಕೌನ್ಸಿಲ್‌ಗೆ ಹೋಗುತ್ತಿತ್ತು. ಅಲ್ಲಿನ ತೀರ್ಪುಗಳನ್ನು ಓದಿ ಬೆಳೆದ ವಕೀಲರು, ನ್ಯಾಯಾಧೀಶರು ಅಲ್ಲಿನ ಮಾತಿನ ಧಾಟಿಯನ್ನೂ ಕಲಿತರು. ನಿಮ್ಮ ಅಟ್ಟದ ಮೇಲಿದ್ದದ್ದು ಅದೇ ಧಾಟಿ.

ಇನ್ನು ಮಗಳ ಮಾತು. ಅವಳು ಹೇಳಿದ್ದರಲ್ಲಿ ಸತ್ಯವಿದೆ. ‘ನಿಜವಾದ’ ಅನ್ನುವ ಒಂದೇ ಒಂದು ಪದ ತಪ್ಪು. ಅದಕ್ಕೆ ಆಮೇಲೆ ಬರುತ್ತೇನೆ, ಮೊದಲು ದಡ್ಡನ ಕಥೆ ಕೇಳಿ.

ಲ್ಯಾಟಿನ್ ಭಾಷೆಯಲ್ಲಿ ‘ಸ್ಕೀರೆ’ ಅಂದರೆ ತಿಳಿ, ಅರಿ ಅಂತ. ಅದರ ಹಿಂದೆ ‘ನೆ’ ಅನ್ನುವ ನಕಾರ ಸೇರಿ ‘ನೆಸ್ಕಿಯುಸ್’ ಆಯಿತು. ತಿಳಿಯದವನು ಅಂತ ಅರ್ಥ. ನಮ್ಮ ‘ಅಜ್ಞ’ ಕಟ್ಟಿಕೊಂಡಿರುವ ರೀತಿಯೂ ಇದೇ. ಅದೇ ‘ಸ್ಕೀರೆ’ಯಿಂದಲೇ ‘ಸೈನ್ಸ್’ ಕೂಡ ಬಂದದ್ದು. ಅಂದರೆ ಇಂಗ್ಲಿಷಿನಲ್ಲಿ ಸೈನ್ಸ್ ಮತ್ತು ನೈಸ್ ದಾಯಾದಿಗಳು, ನಮ್ಮಲ್ಲಿ ವಿಜ್ಞಾನಿ ಮತ್ತು ಅಜ್ಞಾನಿ ಇದ್ದ ಹಾಗೆ. ಒಬ್ಬ ತಿಳಿದವನು, ಇನ್ನೊಬ್ಬ ತಿಳಿಯದವನು. ಮನೆತನ ಒಂದೇ.

ಲ್ಯಾಟಿನ್ನಿನ ಈ ಪದ ಹಳೆಯ ಫ್ರೆಂಚಿಗೆ ಬಂದಾಗ ಸವೆದು ‘ನೀಸ್’ ಆಯಿತು. ದಡ್ಡ, ಪೆದ್ದ ಅಂತ ಅರ್ಥ. ಫ್ರೆಂಚರಿಂದ ಇಂಗ್ಲಿಷಿಗೆ ಬಂತು. 1300ರ ಹೊತ್ತಿಗೆ ಇಂಗ್ಲಿಷಿನಲ್ಲಿ ಯಾರನ್ನಾದರೂ ‘ನೈಸ್’ ಅಂದರೆ ಪೆದ್ದ ಅಂದ ಹಾಗೆ. ಸ್ಪ್ಯಾನಿಷ್ ಭಾಷೆಯಲ್ಲಿ ಅದೇ ಲ್ಯಾಟಿನ್ ಪದದ ಇನ್ನೊಂದು ಕೂಸು ‘ನೇಸಿಯೋ’ ಇವತ್ತಿಗೂ ಪೆದ್ದನೇ ಆಗಿದೆ. ಅದಕ್ಕೆ ಬಡ್ತಿ ಸಿಗಲಿಲ್ಲ, ಪಾಪ.

ಆ ಕಾಲದಲ್ಲಿ ಇಂಗ್ಲಿಷರೂ ಇದನ್ನು ಹೆಚ್ಚುಕಡಿಮೆ ‘ನೀಸ್’ ಅಂತಲೇ ಉಚ್ಚರಿಸುತ್ತಿದ್ದರು. ಮುಂದಿನ ಎರಡು ಮೂರು ಶತಮಾನಗಳಲ್ಲಿ ಅವರ ದೀರ್ಘ ಸ್ವರಗಳೆಲ್ಲ ಜಾಗ ಬದಲಿಸಿದವು. ಆಗ ‘ಈ’ ಇದ್ದದ್ದು ‘ಐ’ ಆಯಿತು. ಟೈಮ್, ವೈನ್, ಮೈಸ್ ಎಲ್ಲಕ್ಕೂ ಇದೇ ಗತಿ. ಕಾಗುಣಿತ ಮಾತ್ರ ಹಳೆಯದೇ ಉಳಿಯಿತು. ನಮ್ಮ ಮಕ್ಕಳು ಸ್ಪೆಲ್ಲಿಂಗ್ ಕಲಿಯುವಾಗ ಅಳುವುದಕ್ಕೆ ಅದೂ ಒಂದು ಕಾರಣ.

ಇಲ್ಲಿ ಚಾಸರ್ ಕವಿಯನ್ನು ನೆನೆಯದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. ಆತ ತೀರಿಕೊಂಡದ್ದು 1400ರಲ್ಲಿ. 1380ರ ದಶಕದಲ್ಲಿ ಟ್ರಾಯ್ ನಗರದ ಟ್ರಾಯ್ಲಸ್ ಮತ್ತು ಕ್ರಿಸೆಡ್ ಎಂಬ ಪ್ರೇಮಿಗಳ ಕಥೆಯನ್ನು ಕಾವ್ಯ ಮಾಡಿದ. ಅದರ ಎರಡನೇ ಭಾಗದ ಶುರುವಿನಲ್ಲಿ ಓದುಗರಿಗೆ ಒಂದು ಮಾತು ಹೇಳುತ್ತಾನೆ. ಅದರ ತಾತ್ಪರ್ಯ ಹೀಗಿದೆ: ಸಾವಿರ ವರ್ಷದಲ್ಲಿ ಮಾತಿನ ರೂಪ ಬದಲಾಗುತ್ತದೆ. ಆಗ ಬೆಲೆ ಇದ್ದ ಪದಗಳು ಈಗ ನಮಗೆ ತೀರಾ ‘ನೈಸ್’ ಆಗಿ, ವಿಚಿತ್ರವಾಗಿ ಕಾಣುತ್ತವೆ. ಆದರೂ ಆ ಜನ ಹಾಗೇ ಮಾತಾಡಿದರು, ಪ್ರೀತಿಯಲ್ಲಿ ನಮ್ಮಷ್ಟೇ ಗೆದ್ದರು.

ಇಲ್ಲಿ ‘ನೈಸ್’ ಅಂದರೆ ಪೆದ್ದುಪೆದ್ದಾಗಿ ಅಂತ. ಪದಗಳ ಅರ್ಥ ಬದಲಾಗುತ್ತದೆ ಅನ್ನುವುದನ್ನು ಹೇಳಲು ಚಾಸರ್ ಬಳಸಿಕೊಂಡ ಪದವೇ ಆಮೇಲೆ ಎಲ್ಲಕ್ಕಿಂತ ಜಾಸ್ತಿ ಬದಲಾಗಿಬಿಟ್ಟಿತು. ಇವತ್ತಿನ ವಿದ್ಯಾರ್ಥಿ ಅಡಿಟಿಪ್ಪಣಿ ಇಲ್ಲದೆ ಓದಿದರೆ, ಹಳೆಯ ಪದಗಳು ಎಷ್ಟು ಚೆನ್ನಾಗಿವೆ ಅಂತ ಕವಿ ಮೆಚ್ಚುತ್ತಿದ್ದಾನೆ ಅಂದುಕೊಳ್ಳುತ್ತಾನೆ. ಎಷ್ಟೋ ವರ್ಷ ಈ ಸಾಲುಗಳನ್ನು ಪಾಠ ಮಾಡಿದ್ದೇನೆ. ಒಂದು ಸಲವೂ ನಗದೆ ದಾಟಿದ್ದಿಲ್ಲ.

ಸರಿ, ಪೆದ್ದ ಒಳ್ಳೆಯವನಾದದ್ದು ಹೇಗೆ? ಒಂದೇ ನೆಗೆತದಲ್ಲಂತೂ ಅಲ್ಲ. ನಾನೂರು ಐನೂರು ವರ್ಷ ಹಿಡಿಯಿತು. ನಡುವಿನ ದಾರಿ ಹಳ್ಳಿ ಬಸ್ಸಿನ ದಾರಿಯಂತೆ, ಎಲ್ಲೆಲ್ಲೋ ಸುತ್ತಿಕೊಂಡು ಹೋಗುತ್ತದೆ. ಬುದ್ಧಿ ಇಲ್ಲದವನು ಹೇಗಿರುತ್ತಾನೆ? ಕೆಲವರ ಕಣ್ಣಿಗೆ ಅವನು ಅಂಕೆ ಮೀರಿದವನು, ಶೋಕಿವಾಲಾ, ಬಟ್ಟೆಬರೆಗೆ ದುಡ್ಡು ಸುರಿಯುವವನು. ಇನ್ನು ಕೆಲವರ ಕಣ್ಣಿಗೆ ಸಂಕೋಚದವನು, ಮುಟ್ಟಿದರೆ ಮುನಿಯಂಥವನು. ಎರಡೂ ಅರ್ಥದಲ್ಲಿ ಈ ಪದ ಓಡಾಡಿತು. ಶೋಕಿಯವನಿಗೆ ಊಟ, ಬಟ್ಟೆ, ಹಾಸಿಗೆ ಎಲ್ಲದರಲ್ಲೂ ಹೀಗೇ ಇರಬೇಕು ಅನ್ನುವ ಗೀಳು. ಸಂಕೋಚದವನೂ ಎಲ್ಲದಕ್ಕೂ ಹಿಂದೆ ಮುಂದೆ ನೋಡುತ್ತಾನೆ. ಹೀಗೆ ಎರಡು ದಾರಿಯೂ ಸೇರಿದ್ದು ಒಂದೇ ಕಡೆ. 1500ರ ನಂತರ ‘ನೈಸ್’ ಅಂದರೆ ಅತಿಯಾಗಿ ನೋಡಿ, ಅಳೆದು, ಆರಿಸುವವನು ಅಂತ ಆಯಿತು.

ನಮಗೆ ಈ ಮನುಷ್ಯ ಹೊಸಬನಲ್ಲ. ನಾಜೂಕಯ್ಯ ಅನ್ನುತ್ತೇವೆ.

ನನ್ನ ಲೆಕ್ಕದಲ್ಲಿ 16, 17ನೇ ಶತಮಾನದ ‘ನೈಸ್’ ಪದಕ್ಕೆ ಕನ್ನಡದಲ್ಲಿ ‘ನಾಜೂಕು’ ಅನ್ನುವುದಕ್ಕಿಂತ ಹತ್ತಿರದ ಪದ ಇಲ್ಲ. ನಾಜೂಕಿನ ಮನುಷ್ಯ ಅಂದರೆ ಅರ್ಧ ಗೇಲಿ. ನಾಜೂಕಿನ ಕೆಲಸ ಅಂದರೆ ಮೆಚ್ಚುಗೆ. ನಾಜೂಕಿನ ವಿಷಯ ಅಂದರೆ ಹುಷಾರಾಗಿ ಮಾತಾಡಬೇಕಾದದ್ದು. ನಾಜೂಕಿನ ಪಾತ್ರೆ ಅಂದರೆ ಕೈಜಾರಿದರೆ ಒಡೆಯುವಂಥದ್ದು. ನಾಲ್ಕು ಅರ್ಥಗಳೂ ಆಗಿನ ‘ನೈಸ್’ ಪದಕ್ಕಿದ್ದವು. ಅಜ್ಜನ ಕೇಸಿನ ‘ನೈಸ್ ಕ್ವೆಶ್ಚನ್’ ಹುಟ್ಟಿದ್ದೂ ಇಲ್ಲಿಯೇ. ಅತಿಯಾಗಿ ಅಳೆಯುವವನಿಂದ, ಅತಿಯಾಗಿ ಅಳೆಯಬೇಕಾದ ವಿಷಯಕ್ಕೆ ಪದ ದಾಟಿಕೊಂಡಿತು.

ಈ ನಡುವಿನ ಕಾಲದಲ್ಲಿ ಎಷ್ಟು ಗೊಂದಲವಿತ್ತು ಅಂದರೆ, ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಸಂಪಾದಕರೇ ಕೈಚೆಲ್ಲಿದರು. 16, 17ನೇ ಶತಮಾನದ ಎಷ್ಟೋ ಪ್ರಯೋಗಗಳಲ್ಲಿ ಬರೆದವನ ಮನಸ್ಸಿನಲ್ಲಿ ಯಾವ ಅರ್ಥ ಇತ್ತು ಅಂತ ಹೇಳುವುದು ಕಷ್ಟ ಅಂತ ಅಲ್ಲೇ ಬರೆದಿಟ್ಟಿದ್ದಾರೆ. ನಿಘಂಟು ಮಾಡುವವರು ಅಷ್ಟು ಸುಲಭವಾಗಿ ಸೋಲು ಒಪ್ಪುವ ಜನ ಅಲ್ಲ.

ಒಂದು ಉದಾಹರಣೆ ನೋಡಿ. ಶೇಕ್ಸ್‌ಪಿಯರನ ರೋಮಿಯೋ ಜೂಲಿಯೆಟ್ ನಾಟಕ, 1590ರ ದಶಕದ್ದು. ಜೂಲಿಯೆಟ್ ಸತ್ತಿಲ್ಲ, ನಿದ್ದೆಯ ಮದ್ದು ಕುಡಿದಿದ್ದಾಳೆ ಅಂತ ರೋಮಿಯೋಗೆ ತಿಳಿಸಲು ಲಾರೆನ್ಸ್ ಪಾದ್ರಿ ಒಂದು ಪತ್ರ ಕಳಿಸಿರುತ್ತಾನೆ. ಪತ್ರ ಒಯ್ಯುತ್ತಿದ್ದ ಇನ್ನೊಬ್ಬ ಪಾದ್ರಿ ಒಂದು ಮನೆಗೆ ಹೋದಾಗ, ಅಲ್ಲಿ ಪ್ಲೇಗ್ ಇರಬಹುದು ಅಂತ ಊರಿನ ಕಾವಲುಗಾರರು ಬಾಗಿಲಿಗೆ ಮೊಹರು ಹಾಕಿಬಿಡುತ್ತಾರೆ. ಸೀಲ್‌ಡೌನ್ ಅಂದರೆ ಏನು ಅಂತ ನಮಗೂ ಈಗ ಚೆನ್ನಾಗಿ ಗೊತ್ತಿದೆಯಲ್ಲ. ಪತ್ರ ತಲುಪಲೇ ಇಲ್ಲ. ಸುದ್ದಿ ಕೇಳಿದ ಲಾರೆನ್ಸ್, ‘ದ ಲೆಟರ್ ವಾಸ್ ನಾಟ್ ನೈಸ್’ ಅನ್ನುತ್ತಾನೆ. ಪತ್ರ ಚೆನ್ನಾಗಿರಲಿಲ್ಲ ಅಂತಲ್ಲ. ಅದು ಕ್ಷುಲ್ಲಕವಾದ ಪತ್ರ ಆಗಿರಲಿಲ್ಲ, ಅದರಲ್ಲಿ ತೂಕದ ವಿಷಯ ಇತ್ತು ಅಂತ. ಎರಡು ಜೀವ ಆ ಕಾಗದದ ಮೇಲೆ ನಿಂತಿದ್ದವು. ಇವತ್ತಿನ ಅರ್ಥ ಹಿಡಿದು ಓದಿದರೆ, ಪಾದ್ರಿ ತಾನೇ ಬರೆದ ಕಾಗದದ ಕೈಬರಹಕ್ಕೆ ಮಾರ್ಕು ಕಳೆಯುತ್ತಿದ್ದಾನೆ ಅನ್ನಿಸುತ್ತದೆ.

1755ರಲ್ಲಿ ಸ್ಯಾಮ್ಯುಯೆಲ್ ಜಾನ್ಸನ್ ತನ್ನ ದೊಡ್ಡ ನಿಘಂಟು ತಂದಾಗ, ‘ನೈಸ್’ ಪದಕ್ಕೆ ಮುಖ್ಯವಾಗಿ ಕೊಟ್ಟದ್ದು ಈ ಅಳೆದು ತೂಗುವ ಅರ್ಥಗಳನ್ನೇ. ಕೂಲಂಕಷವಾಗಿ ನೋಡುವ, ಅತಿ ಎಚ್ಚರಿಕೆಯ, ಬೇಗ ಮೂಗು ಮುರಿಯುವ. ಆದರೆ ಆ ಹೊತ್ತಿಗೆ ಜನರ ಬಾಯಲ್ಲಿ, ಮನೆಯ ಕಾಗದಗಳಲ್ಲಿ, ಹೊಸ ಅರ್ಥ ಕಾಲಿಡುತ್ತಿತ್ತು. ಆರಿಸಿ ತಿನ್ನುವವನ ತಟ್ಟೆಯಲ್ಲಿರುವುದು ರುಚಿಯಾಗಿಯೇ ಇರಬೇಕಲ್ಲ? ನಾಜೂಕಿನವರು ಒಪ್ಪಿದ್ದು ಚೆನ್ನಾಗಿಯೇ ಇರಬೇಕು. ಹೀಗೆ 18ನೇ ಶತಮಾನದ ನಡುವಿಗೆ ನೈಸ್ ಊಟ, ನೈಸ್ ವಾಕಿಂಗ್, ನೈಸ್ ಹವಾ ಎಲ್ಲ ಶುರುವಾದವು. ಮನುಷ್ಯರಿಗೆ ಒಳ್ಳೆಯವರು, ದಯೆಯವರು ಅನ್ನುವ ಅರ್ಥ ಗಟ್ಟಿಯಾಗಿ ಅಂಟಿದ್ದು ಇನ್ನೂ ಆಮೇಲೆ, 19ನೇ ಶತಮಾನದಲ್ಲಿ.

ಹೊಸ ಅರ್ಥ ಬಂದರೆ ಗೊಣಗುವವರೂ ಬರುತ್ತಾರೆ. ಜೇನ್ ಆಸ್ಟಿನ್ 1817ರ ಜುಲೈನಲ್ಲಿ ತೀರಿಕೊಂಡ ಮೇಲೆ, ಅದೇ ವರ್ಷದ ಕೊನೆಗೆ ಅವಳ ನಾರ್ಥ್ಯಾಂಗರ್ ಅಬ್ಬಿ ಕಾದಂಬರಿ ಅಚ್ಚಾಯಿತು. ಅದರಲ್ಲಿ ಹೆನ್ರಿ, ಅವನ ತಂಗಿ, ಮತ್ತು ಕ್ಯಾಥರೀನ್ ಅನ್ನುವ ಹದಿಹರೆಯದ ಹುಡುಗಿ ಬಾತ್ ಊರಿನ ಗುಡ್ಡದ ಕಡೆ ವಾಕಿಂಗ್ ಹೊರಟಿರುತ್ತಾರೆ. ಕ್ಯಾಥರೀನ್ ತನಗೆ ಇಷ್ಟವಾದ ಒಂದು ಭಯಾನಕ ಕಾದಂಬರಿಯನ್ನು ಲೋಕದಲ್ಲೇ ಅತಿ ‘ನೈಸ್’ ಪುಸ್ತಕ ಅಲ್ವಾ ಅನ್ನುತ್ತಾಳೆ. ಹೆನ್ರಿಗೆ ಅಷ್ಟು ಸಾಕು. ನೈಸ್ ಅಂದರೆ ಅಚ್ಚುಕಟ್ಟು ತಾನೇ, ಹಾಗಾದರೆ ಅದು ಬೈಂಡಿಂಗ್ ಮೇಲೆ ಹೋಗುತ್ತದೆ ಅಂತ ಕಾಲೆಳೆಯುತ್ತಾನೆ. ದಿನವೂ ನೈಸ್, ವಾಕಿಂಗೂ ನೈಸ್, ನೀವಿಬ್ಬರು ಹುಡುಗಿಯರೂ ನೈಸ್, ಎಲ್ಲಕ್ಕೂ ಆಗಿಬರುವ ಪದ ಇದು ಅಂತ ಸೇರಿಸುತ್ತಾನೆ. ಮೂಲದಲ್ಲಿ ಇದು ಅಚ್ಚುಕಟ್ಟು, ಸಭ್ಯತೆ, ನಯಗಾರಿಕೆಗೆ ಮಾತ್ರ ಇದ್ದ ಪದ ಅಂತ ಒಂದು ಪಾಠವನ್ನೂ ಹೇಳುತ್ತಾನೆ.

ನೋಡಿ, ಹೆನ್ರಿಯೂ ನಿಮ್ಮ ಮಗಳ ಹಾಗೆ ‘ಮೂಲ’ದ ಹೆಸರು ಹೇಳಿಯೇ ವಾದ ಮಾಡುತ್ತಿದ್ದಾನೆ. ಆದರೆ ಅವನ ಮೂಲ ಬರೀ ಎರಡು ಶತಮಾನ ಹಿಂದಕ್ಕೆ ಹೋಗಿ ನಿಂತುಬಿಟ್ಟಿದೆ. ಇನ್ನೂ ಹಿಂದಕ್ಕೆ ಹೋಗಿದ್ದರೆ ದಡ್ಡ ಸಿಗುತ್ತಿದ್ದ. ಮೂಲಾರ್ಥದ ಹೆಸರಿನಲ್ಲಿ ಜಗಳಕ್ಕೆ ಬರುವವರನ್ನು ನಾನು ಬಹಳ ನೋಡಿದ್ದೇನೆ. ಎಲ್ಲರೂ ತಮಗೆ ಬೇಕಾದ ಸ್ಟಾಪಿನಲ್ಲಿ ಇಳಿದು, ಇದೇ ಬಸ್ ಸ್ಟ್ಯಾಂಡ್ ಅನ್ನುತ್ತಾರೆ.

ತಂಗಿ ಕೊಟ್ಟ ಏಟು ಇನ್ನೂ ಚೆನ್ನಾಗಿದೆ. ಆ ಪದ ನಿನಗೆ ಮಾತ್ರ ಸರಿಹೊಂದುತ್ತದೆ, ಅದೂ ಹೊಗಳಿಕೆಯಾಗಿ ಅಲ್ಲ, ನೀನು ಜಾಣತನಕ್ಕಿಂತ ನೈಸೇ ಜಾಸ್ತಿ ಅನ್ನುತ್ತಾಳೆ. ಇಲ್ಲಿ ನೈಸ್ ಅಂದರೆ ನಾಜೂಕಯ್ಯ, ಕೊಂಕು ಹುಡುಕುವವನು. ಒಂದು ಪುಟದ ಮಾತುಕತೆಯಲ್ಲಿ ಹುಡುಗಿಯ ಬಾಯಲ್ಲಿ ಹೊಸ ಅರ್ಥ, ಅಣ್ಣನ ಬಾಯಲ್ಲಿ ನಡುವಿನ ಅರ್ಥ, ತಂಗಿಯ ಬಾಯಲ್ಲಿ ಗೇಲಿಯ ಅರ್ಥ. ಮೂರೂ ಒಟ್ಟಿಗೆ ಬದುಕಿದ್ದವು. ಹಳೆಯ ಅರ್ಥ ಸತ್ತ ಮೇಲೆ ಹೊಸದು ಹುಟ್ಟುವುದಿಲ್ಲ. ಅತ್ತೆ ಸೊಸೆ ಒಂದೇ ಮನೆಯಲ್ಲಿ ಎಷ್ಟೋ ವರ್ಷ ಸಂಸಾರ ಮಾಡಿದ ಹಾಗೆ ಇರುತ್ತವೆ.

ಹೆನ್ರಿ ಸೋತ, ಕ್ಯಾಥರೀನ್ ಗೆದ್ದಳು. ಆದರೆ ಎಲ್ಲಕ್ಕೂ ಆಗಿಬರುವ ಪದ ಅಂತ ಅವನು ಗೊಣಗಿದ್ದರಲ್ಲಿ ತಪ್ಪಿರಲಿಲ್ಲ. ನಾನು ಹೈಸ್ಕೂಲಿನಲ್ಲಿದ್ದಾಗ ನಮ್ಮ ಇಂಗ್ಲಿಷ್ ಮೇಷ್ಟ್ರು ನನ್ನ ಜೋಗದ ಪ್ರವಾಸದ ಪ್ರಬಂಧದಲ್ಲಿ ‘ನೈಸ್’ ಪದಕ್ಕೆಲ್ಲ ಕೆಂಪು ಸುತ್ತು ಹಾಕಿದ್ದರು. ಒಂದೇ ಪುಟದಲ್ಲಿ ಒಂಬತ್ತು ಸುತ್ತು. ಜಲಪಾತವೂ ನೈಸ್, ಚಿತ್ರಾನ್ನವೂ ನೈಸ್ ಆದರೆ ಎರಡಕ್ಕೂ ವ್ಯತ್ಯಾಸ ಏನೋ ಅಂತ ಕೇಳಿದರು. ನನಗೆ ಉತ್ತರ ಗೊತ್ತಿರಲಿಲ್ಲ. ಈಗ ಸಂಬಂಧಿಕರ ವಾಟ್ಸಾಪ್ ಗುಂಪಿನಲ್ಲಿ ಗೃಹಪ್ರವೇಶದ ಫೋಟೋಗೂ ನೈಸ್, ಮೊಮ್ಮಗುವಿನ ಫೋಟೋಗೂ ನೈಸ್. ಮೇಷ್ಟ್ರು ಇದ್ದಿದ್ದರೆ ಕೆಂಪು ಶಾಯಿ ಸಾಲುತ್ತಿರಲಿಲ್ಲ.

ಇಷ್ಟು ತೆಳುವಾದ ಪದಕ್ಕೆ ಈಗ ಜೀವ ಬರುವುದು ಹೇಳುವ ಧಾಟಿಯಿಂದ. ಇಂಗ್ಲಿಷರು ‘ಎ ನೈಸ್ ಮೆಸ್’ ಅಂದರೆ ಚೆನ್ನಾದ ಗೋಜಲು ಅಂತಲ್ಲ, ಸರಿಯಾದ ಪೇಚಾಟ ಅಂತ. ನಾವೂ ‘ಒಳ್ಳೆ ಕಥೆ ಆಯ್ತಲ್ಲ ಇದು’ ಅನ್ನುತ್ತೇವೆ. ಅವರ ‘ನೈಸ್ ಆಂಡ್ ಹಾಟ್’ ಕಾಫಿ ನಮ್ಮ ‘ಒಳ್ಳೆ ಬಿಸಿಬಿಸಿ’ ಕಾಫಿ. ‘ಒಳ್ಳೆ’ ಅನ್ನುವ ಪದಕ್ಕೆ ನಮ್ಮಲ್ಲಿ ಯಾವ್ಯಾವ ಕೆಲಸ ಹಚ್ಚಿದ್ದೇವೋ, ಅವುಗಳಲ್ಲಿ ಅರ್ಧ ಕೆಲಸ ಅಲ್ಲಿ ಇದಕ್ಕೆ ಬಿದ್ದಿದೆ.

ಈಗ ನಿಮ್ಮ ಎರಡನೇ ಪ್ರಶ್ನೆ. ನನಗೆ ಹೆಚ್ಚು ಇಷ್ಟವಾದದ್ದು ಇದೇ.

ಕನ್ನಡದಲ್ಲಿ ಎರಡು ‘ನೈಸ್’ ಇವೆ. ಒಂದು ಪ್ಯಾಂಟು ಶರ್ಟು ಹಾಕಿದ ನೈಸ್. ‘ನೈಸ್ ಸಿನಿಮಾ’, ‘ನೈಸ್ ಸರ್’ ಅನ್ನುವಾಗ ಬರುವುದು. ಅದು ಇಂಗ್ಲಿಷಿನ ಇವತ್ತಿನ ಅರ್ಥವನ್ನೇ ಹೊತ್ತುಕೊಂಡು ಬಂದಿದೆ. ಇನ್ನೊಂದು ಪಂಚೆ ಉಟ್ಟ ನೈಸು. ಅದು ಬಹಳ ಹಿಂದೆಯೇ ಅಡುಗೆಮನೆಗೆ ನುಗ್ಗಿದೆ. ಇಡ್ಲಿಗೆ ಉದ್ದಿನಬೇಳೆ ನೈಸಾಗಿ ರುಬ್ಬಬೇಕು, ಅಕ್ಕಿ ತರಿತರಿಯಾಗಿರಬೇಕು. ಗಾರೆಯವನು ಗೋಡೆಯನ್ನು ನೈಸ್ ಮಾಡುತ್ತಾನೆ. ರೇಷ್ಮೆ ಸೀರೆ ಕೈಗೆ ನೈಸಾಗಿ ಹತ್ತುತ್ತದೆ. ಇಂಗ್ಲಿಷರ ಮುಂದೆ ನಿಂತು ಹಿಟ್ಟನ್ನು ನೈಸಾಗಿ ರುಬ್ಬು ಅಂದರೆ ಅವರಿಗೆ ತಲೆಬುಡ ತಿಳಿಯುವುದಿಲ್ಲ. ಅವರಲ್ಲಿ ಹಿಟ್ಟಿಗೆ ಆ ಪದ ಇಲ್ಲ.

ಹಾಗಾದರೆ ನುಣುಪು ಅನ್ನುವ ಅರ್ಥ ಎಲ್ಲಿಂದ ಬಂತು? ನನ್ನ ಊಹೆ ಹೇಳುತ್ತೇನೆ. ನಮ್ಮಲ್ಲಿ ‘ನಯ’ ಅನ್ನುವ ಪದ ಮೊದಲೇ ಇತ್ತು. ನಯವಾದ ಬಟ್ಟೆ, ನಯವಾಗಿ ರುಬ್ಬಿದ ಹಿಟ್ಟು, ನಯವಾದ ಮಾತು, ನಯವಂಚಕ. ಈಗ ಇವುಗಳಲ್ಲಿ ‘ನಯ’ ತೆಗೆದು ‘ನೈಸು’ ಇಟ್ಟು ನೋಡಿ. ನೈಸಾದ ಬಟ್ಟೆ, ನೈಸಾಗಿ ರುಬ್ಬಿದ ಹಿಟ್ಟು, ನೈಸಾದ ಮಾತು, ನೈಸಾಗಿ ಮೋಸ ಮಾಡಿದ. ಒಂದೂ ತಪ್ಪುವುದಿಲ್ಲ. ಇಂಗ್ಲಿಷಿನಿಂದ ಬಂದದ್ದು ಪದದ ಮೈ ಮಾತ್ರ. ಒಳಗೆ ಕೂತದ್ದು ನಮ್ಮ ‘ನಯ’. ಎರಡರ ದನಿಯೂ ಹತ್ತಿರ, ಅರ್ಥವೂ ಅಕ್ಕಪಕ್ಕ. ಸಂಬಂಧ ಕುದುರುವುದಕ್ಕೆ ಇನ್ನೇನು ಬೇಕು?

ನುಣುಪಾದದ್ದು ಜಾರುತ್ತದೆ. ಆದ್ದರಿಂದಲೇ ನೈಸಾಗಿ ಜಾರಿಕೊಳ್ಳುವುದು. ಮಾತನ್ನು ನುಣುಪು ಮಾಡಿ ಕೆಲಸ ಸಾಧಿಸಿಕೊಳ್ಳುವುದು ‘ನೈಸ್ ಮಾಡೋದು’. ಇದಕ್ಕೂ ಬೆಣ್ಣೆ ಹಚ್ಚುವುದಕ್ಕೂ ಸಣ್ಣ ವ್ಯತ್ಯಾಸವಿದೆ. ಬೆಣ್ಣೆ ಹಚ್ಚುವುದು ಎದುರಿಗಿದ್ದವರಿಗೆ ಗೊತ್ತಾಗಿಬಿಡುತ್ತದೆ. ನೈಸ್ ಮಾಡುವುದು ಅಷ್ಟು ಬೇಗ ಗೊತ್ತಾಗುವುದಿಲ್ಲ. ಮೊಮ್ಮಗ ಅಜ್ಜಿಯ ಕಾಲೊತ್ತುತ್ತಾ ನೂರು ರೂಪಾಯಿ ಎಬ್ಬಿಸುತ್ತಾನಲ್ಲ, ಅದು ನೈಸ್ ಮಾಡುವುದು. ಇಂಗ್ಲಿಷಿನ ನೈಸ್ ಮನುಷ್ಯ ಒಳ್ಳೆಯವನು. ಕನ್ನಡದ ನೈಸ್ ಮಾಡುವವನ ಹತ್ತಿರ ಪರ್ಸು ಜೋಪಾನ. ಪಕ್ಕದ ತಮಿಳರೂ ಮೆತ್ತಗೆ, ಗೊತ್ತಾಗದ ಹಾಗೆ ಕೆಲಸ ಸಾಧಿಸುವುದಕ್ಕೆ ‘ನೈಸಾ’ ಅನ್ನುತ್ತಾರೆ. ಹಾಗಾಗಿ ನಿಮ್ಮ ಪ್ರಶ್ನೆಗೆ ಉತ್ತರ: ಹೌದು, ಅದೇ ಪದ. ಆದರೆ ಸಣ್ಣ ವಯಸ್ಸಿನಲ್ಲೇ ದತ್ತು ಬಂದು, ನಮ್ಮ ಮನೆಯ ಬುದ್ಧಿ ಕಲಿತದ್ದು.

ಹೆಸರು ಒಂದೇ ಇದ್ದು ಸಂಬಂಧವೇ ಇಲ್ಲದವೂ ಇವೆ. ಬೆಂಗಳೂರಿನ ನೈಸ್ ರೋಡ್ ಒಂದು ಕಂಪನಿಯ ನಾಲ್ಕು ಮೊದಲಕ್ಷರಗಳು, ನಂದಿ ಇನ್‌ಫ್ರಾಸ್ಟ್ರಕ್ಚರ್ ಕಾರಿಡಾರ್ ಎಂಟರ್‌ಪ್ರೈಸಸ್. ಫ್ರಾನ್ಸಿನ ಕಡಲತೀರದ ಊರಿನ ಕಾಗುಣಿತವೂ ಇದೇ, ಆದರೆ ಅದು ‘ನೀಸ್’. ಗ್ರೀಕರ ಗೆಲುವಿನ ದೇವತೆಯ ಹೆಸರಿನಿಂದ ಬಂದದ್ದು. ದಡ್ಡನಿಗೂ ಅದಕ್ಕೂ ನಂಟಿಲ್ಲ. ಸಾಫ್ಟ್‌ವೇರ್ ಹುಡುಗರು ಬಳಸುವ ಯುನಿಕ್ಸ್ ಎಂಬ ಕಂಪ್ಯೂಟರ್ ವ್ಯವಸ್ಥೆಯ ‘ನೈಸ್’ ಕಮಾಂಡಿಗೆ ಮಾತ್ರ ನಮ್ಮ ಪದದ ರಕ್ತವೇ ಇದೆ. ಒಂದು ಪ್ರೋಗ್ರಾಮು ಉಳಿದವಕ್ಕೆ ಎಷ್ಟು ದಾರಿ ಬಿಟ್ಟುಕೊಡಬೇಕು ಅನ್ನುವುದನ್ನು ಅದು ಹೇಳುತ್ತದೆ. ಸಾಮಾನ್ಯವಾಗಿ ಮೈನಸ್ 20ರಿಂದ 19ರವರೆಗೆ ಅಂಕ. ಅಂಕ ಜಾಸ್ತಿ ಆದಷ್ಟೂ ಪ್ರೋಗ್ರಾಮು ಸಾಧು, ಕ್ಯೂನಲ್ಲಿ ಹಿಂದೆ ನಿಲ್ಲುತ್ತದೆ.

ಈಗ ಮಗಳ ‘ನಿಜವಾದ ಅರ್ಥ’ಕ್ಕೆ ಬರೋಣ. ಅವಳನ್ನು ಕೂರಿಸಿಕೊಂಡು ಒಂದು ಪ್ರಶ್ನೆ ಕೇಳಿ. ‘ಮುಗ್ಧ’ ಅಂದರೆ ಏನು? ಕಪಟ ಅರಿಯದ, ಮಗುವಿನಂಥ ಅನ್ನುತ್ತಾಳೆ. ಮುಗ್ಧ ನಗು, ಮುಗ್ಧ ಮುಖ. ಸಂಸ್ಕೃತದಲ್ಲಿ ಅದು ಹುಟ್ಟಿದ್ದು ‘ಮುಹ್’ ಅನ್ನುವ ಧಾತುವಿನಿಂದ. ಮಂಕು ಕವಿಯುವುದು, ದಿಕ್ಕು ತಪ್ಪುವುದು ಅಂತ ಅರ್ಥ. ಮೋಹ ಅದೇ ಧಾತು. ಮೂಢ ಅದೇ ಧಾತು. ಮುಗ್ಧ ಮತ್ತು ಮೂಢ ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು. ಸಂಸ್ಕೃತದಲ್ಲೇ ‘ಮುಗ್ಧ’ ದಡ್ಡನಿಂದ ಹೊರಟು ಸರಳ, ಚೆಲುವ ಅನ್ನುವವರೆಗೂ ಬಂದಿತ್ತು. ನೈಸ್ ನಡೆದ ದಾರಿಯೂ ಇಂಥದ್ದೇ ಅಲ್ವಾ? ಹಾಗಂತ ಯಾರಾದರೂ ನಿಮ್ಮ ಮೊಮ್ಮಗುವನ್ನು ನೋಡಿ ಎಷ್ಟು ಮುಗ್ಧ ಅಂದರೆ, ನಮ್ಮ ಮಗುವನ್ನು ದಡ್ಡ ಅಂದಿರಾ ಅಂತ ಜಗಳಕ್ಕೆ ಹೋಗುತ್ತೀರಾ?

ಎದುರು ದಿಕ್ಕಿನಲ್ಲಿ ಇಳಿದ ಪದವೂ ಇದೆ. ಇಂಗ್ಲಿಷಿನ ‘ಸಿಲ್ಲಿ’ ಹಳೆಯ ಕಾಲದಲ್ಲಿ ‘ಸೇಲಿ’ ಅಂತಿತ್ತು. ಸುಖಿ, ದೇವರ ಕೃಪೆ ಪಡೆದವನು ಅಂತ ಅರ್ಥ. ಜರ್ಮನ್ ಭಾಷೆಯ ‘ಸೆಲಿಗ್’ ಈಗಲೂ ಧನ್ಯನೇ. ಇಂಗ್ಲಿಷಿನಲ್ಲಿ ಮಾತ್ರ ಧನ್ಯ ಸಾಧುವಾದ, ಸಾಧು ಅಯ್ಯೋ ಅನ್ನಿಸುವವನಾದ, ಆಮೇಲೆ ಕೈಲಾಗದವನಾದ, ಕೊನೆಗೆ ಪೆದ್ದನಾದ. ಕ್ರಿಕೆಟ್ಟಿನ ‘ಸಿಲ್ಲಿ ಪಾಯಿಂಟ್’ ನಿಮಗೆ ಗೊತ್ತಿರಬೇಕು. ಬ್ಯಾಟಿನ ಮೂಗಿನ ಕೆಳಗೇ ಹೋಗಿ ನಿಲ್ಲುವ ಪೆದ್ದುತನದ ಜಾಗ. ನೈಸ್ ಮೆಟ್ಟಿಲು ಹತ್ತುವಾಗ ಸಿಲ್ಲಿ ಇಳಿಯುತ್ತಿತ್ತು. ಇಬ್ಬರೂ ನಡುವೆ ಎಲ್ಲೋ ಎದುರಾಗಿರಬೇಕು.

ನಮ್ಮ ‘ಪಾಪ’ವನ್ನೂ ನೋಡಿ. ಪಾಪ ಅಂದರೆ ಕೆಟ್ಟ ಕೆಲಸ. ಆದರೆ ‘ಅಯ್ಯೋ ಪಾಪ’ ಅಂದಾಗ ಬರುವುದು ಮರುಕ. ಮಂಗಳೂರು ಕಡೆ ‘ಅವರು ಪಾಪದವರು’ ಅಂದರೆ ಪಾಪ ಮಾಡಿದವರಲ್ಲ, ಯಾರ ತಂಟೆಗೂ ಹೋಗದ ಸಾಧು ಜನ. ಬಯಲುಸೀಮೆಯಿಂದ ಹೊಸದಾಗಿ ಅಲ್ಲಿಗೆ ವರ್ಗವಾಗಿ ಹೋದವರು ಮೊದಲ ವಾರ ಗಾಬರಿಯಾಗುವುದುಂಟು.

ಪದಕ್ಕೆ ಹುಟ್ಟಿದ ಊರು ಇರುತ್ತದೆ. ಆದರೆ ಕಾಗದ ಬರೆಯಬೇಕಾದದ್ದು ಈಗ ಅದು ಇರುವ ವಿಳಾಸಕ್ಕೆ. ಮಗಳು ಹೇಳಿದ್ದು ಹುಟ್ಟಿದ ಊರಿನ ಹೆಸರು. ನೀವು ಅಂದುಕೊಂಡದ್ದು ಇವತ್ತಿನ ವಿಳಾಸ. ತೀರ್ಪು ಬರೆದವರು ಇದ್ದದ್ದು ಇವೆರಡರ ನಡುವಿನ ಊರಿನಲ್ಲಿ. ಇನ್ನು ಮುಂದೆ ಹಳೆಯ ಇಂಗ್ಲಿಷ್ ಕಾಗದದಲ್ಲಿ ಈ ಪದ ಕಂಡರೆ ಮೊದಲು ಇಸವಿ ನೋಡಿ, ಆಮೇಲೆ ಬರೆದವರ ಕಸುಬು ನೋಡಿ. ಚಾಸರ್ ಕಾಲದ್ದಾದರೆ ದಡ್ಡ. ಶೇಕ್ಸ್‌ಪಿಯರನದ್ದಾದರೆ ಇಡೀ ಸಾಲನ್ನು ಎರಡು ಸಲ ಓದದೆ ಯಾವುದನ್ನೂ ನಂಬಬೇಡಿ. ವಕೀಲರದ್ದಾದರೆ, ಯಾವ ಕಾಲದ್ದೇ ಇರಲಿ, ಸೂಕ್ಷ್ಮ. ಮನೆಯವರು ಬರೆದ ಕಾಗದವಾದರೆ ಸುಮ್ನೆ ಚೆನ್ನಾಗಿದೆ ಅಂತ.

ಅಜ್ಜನ ತೀರ್ಪನ್ನು ಕನ್ನಡ ಮಾಡಿಸುವುದಿದ್ದರೆ ಆ ಜಾಗದಲ್ಲಿ ‘ಇದೊಂದು ಸೂಕ್ಷ್ಮವಾದ ಕಾನೂನು ಪ್ರಶ್ನೆ’ ಅಂತ ಬರೆಸಿ. ಕೇಸು ಯಾರಿಗೆ ಆಯಿತು ಅನ್ನುವುದನ್ನು ನೀವು ಬರೆದಿಲ್ಲ. ಆದರೆ ಆ ಸಾಲಿನ ನಂತರದ ಸಾಲನ್ನು ಒಮ್ಮೆ ನೋಡಿ. ನೈಸ್ ಕ್ವೆಶ್ಚನ್ ಅಂತ ಬರೆದ ಮೇಲೆ ನ್ಯಾಯಾಧೀಶರು ಎಷ್ಟೋ ಸಲ, ‘ಆದರೆ ಈ ಪ್ರಕರಣದಲ್ಲಿ ಅದನ್ನು ತೀರ್ಮಾನಿಸುವ ಅಗತ್ಯವಿಲ್ಲ’ ಅಂತ ಮುಂದಕ್ಕೆ ಹೋಗಿಬಿಡುತ್ತಾರೆ. ನಿಮ್ಮಲ್ಲೂ ಹಾಗೇ ಇದ್ದರೆ ಮಗಳಿಗೆ ಹೇಳಿ: ಇಂಗ್ಲಿಷಿನ ನೈಸ್ ಪ್ರಶ್ನೆಯಿಂದ ಸಾಹೇಬರು ಕನ್ನಡದ ನೈಸಾಗಿ ಜಾರಿಕೊಂಡಿದ್ದಾರೆ.